ಬ್ಯಾಸಗಿ ಬಂತಂದ್ರ ಕಾರ್ ಚಾರ್ಜರ್‌ಗೆ ಕೆಂಪು ದೀಪ, ಮಳಿಗಾಲದಾಗ ಎಲ್ಲಾ ಸರಿ (ವಿಜಯಪುರ)

ಎರಿಹೊಲ, ವಿಜಯಪುರ
ಇಲೆಕ್ಟ್ರಿಕ್ ಕಾರಿನ ಜೋಡಿ ಬಂದ 3.3 ಕಿಲೋವ್ಯಾಟ್ ಪೋರ್ಟಬಲ್ ಚಾರ್ಜರ್. ಪಾರ್ಕಿಂಗ್‌ದಾಗಿನ 16 ಆಂಪ್ ಸಾಕೆಟ್‌ಗೆ ಹಚ್ತೀವಿ. ಜೂನ್‌ದಿಂದ ಫೆಬ್ರವರಿ ತನಕ ಏನೂ ತಕರಾರಿಲ್ಲ. ಮಾರ್ಚ್‌ದಾಗ ಒಮ್ಮೊಮ್ಮೆ ಅರ್ಥ್ ಫಾಲ್ಟ್‌ನ (ಅರ್ಥಿಂಗ್ ಸರಿ ಇಲ್ಲ ಅನ್ನೂ) ಕೆಂಪು ದೀಪ ಬರ್ತೈತಿ, ಏಪ್ರಿಲ್-ಮೇದಾಗ ಪೂರಾ ಬಂದ್. ಇದೇ ಚಾರ್ಜರ್ ಬಾಜೂ ಓಣ್ಯಾಗ ಬೇರೆಯವರ ಮನ್ಯಾಗ ಹಚ್ಚಿದ್ರ ಸುರು ಆಗ್ತೈತಿ.

ವೈರಮನ್ ಮಲ್ಟಿಮೀಟರ್ ಹಿಡಿದು "ಅರ್ಥಿಂಗ್ ಚಲೋ ಐತಿ, ಚಾರ್ಜರ್ ಕೆಟ್ಟೈತಿ" ಅಂತಾನ. ಸಾಕೆಟ್‌ನ ರೀಡಿಂಗ್: ಫೇಸ್-ನ್ಯೂಟ್ರಲ್ 227 ವೋಲ್ಟ್, ಫೇಸ್-ಅರ್ಥ್ 225, ನ್ಯೂಟ್ರಲ್-ಅರ್ಥ್ 2. ಹಂಗಾದ್ರ ತಪ್ಪು ಎಲ್ಲೈತ್ರಿ?

ನವನಗರದವ, ಬಾಗಲಕೋಟೆ
ಮೊದಲ ಸಾಕೆಟ್‌ನ ಫೇಸ್ ಬಲಗಡೆ ಐತೋ ಇಲ್ಲೋ ಟೆಸ್ಟರ್ ಹಚ್ಚಿ ನೋಡ್ರಿ. ಎದುರಿಗೆ ನಿಂತು ನೋಡಿದ್ರ, ಅರ್ಥ್ ತೂತು ಮ್ಯಾಲಿದ್ದಾಗ ಫೇಸ್ ಬಲಕ್ಕ ಬರಬೇಕು. ಅದಲುಬದಲಾಗಿದ್ರೂ ಕೆಲವು ಚಾರ್ಜರ್ ಇದೇ ದೀಪ ತೋರಸ್ತಾವು. ಆದ್ರ ಮಳಿಗಾಲದಾಗ ನಡೀತೈತಿ ಅಂದಮ್ಯಾಲ ಅದು ಇರಲಿಕ್ಕಿಲ್ಲ.

ಎರಿಹೊಲ, ವಿಜಯಪುರ
ಫೇಸ್ ಬಲಕ್ಕ ಐತ್ರಿ.

ಗರಸುಮಣ್ಣು, ವಿಜಯಪುರ
ನಿಮ್ಮ ಚಾರ್ಜರ್ ಸರಿ ಇದೆ. ನಂಬಬಾರದ್ದು ಆ ಮಲ್ಟಿಮೀಟರ್ ರೀಡಿಂಗನ್ನು.

ಡಿಜಿಟಲ್ ಮಲ್ಟಿಮೀಟರ್‌ನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್. ಅದು ವೋಲ್ಟೇಜ್ ಅಳೆಯುವಾಗ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ನಿಮ್ಮ ಅರ್ಥ್‌ನ ರೋಧ (ಮಣ್ಣಿಗೆ ಹರಿಯುವ ಕರೆಂಟಿಗೆ ಇರುವ ಅಡ್ಡಿ) 2 ಓಮ್ ಇದ್ದರೂ 500 ಓಮ್ ಇದ್ದರೂ ಫೇಸ್-ಅರ್ಥ್ ನಡುವೆ 225 ವೋಲ್ಟೇ ಕಾಣುತ್ತದೆ. ತಂತಿ ಎಲ್ಲಿಯೂ ಕಡಿದಿಲ್ಲ ಅನ್ನುವುದು ಮಾತ್ರ ಅದರಿಂದ ಗೊತ್ತಾಗುವುದು. ಚಾರ್ಜರ್ ಹಾಗಲ್ಲ. ಹಲವು ಮಾದರಿಗಳು ಅರ್ಥ್ ತಂತಿಗೆ ಸಣ್ಣ ಕರೆಂಟ್ ಬಿಟ್ಟು, ವೋಲ್ಟೇಜ್ ಎಷ್ಟು ಏರುತ್ತದೆ ಎಂದು ನೋಡುತ್ತವೆ. ಮಿತಿ ಮೀರಿದರೆ ಕಾರಿಗೆ ಕರೆಂಟ್ ಬಿಡುವುದಿಲ್ಲ. ಮಿತಿ ಒಂದೊಂದು ಮಾದರಿಗೆ ಒಂದೊಂದು ಥರ.

ಮೂರು ವಿಷಯ ತಿಳಿಸಿ: ಅರ್ಥ್ ಗುಂಡಿ (ಅರ್ಥ್ ತಂತಿ ಮಣ್ಣಿಗೆ ಸೇರುವ ಜಾಗ) ಎಲ್ಲಿದೆ, ಒಳಗೆ ಏನು ಹಾಕಿದ್ದಾರೆ, ಎಷ್ಟು ಆಳ. ಗುಂಡಿ ಸುತ್ತ ನಾಲ್ಕೈದು ಬಕೆಟ್ ನೀರನ್ನು ಸಾವಕಾಶ ಇಂಗಿಸಿ, ಎರಡು ತಾಸು ಬಿಟ್ಟು ಚಾರ್ಜರ್ ಹಚ್ಚಿ ನೋಡಿ.

ಎರಿಹೊಲ, ವಿಜಯಪುರ
ನೀರು ಹಾಕಿದಮ್ಯಾಲ ದೀಪ ಹಸರ ಆತ್ರಿ! ಮರುದಿನ ಮಧ್ಯಾಹ್ನ ಮತ್ತ ಕೆಂಪು.

ಗುಂಡಿ ಕಂಪೌಂಡ್ ಮೂಲ್ಯಾಗ, ಬಿಸಲಾಗ ಐತಿ. ಒಳಗ ಸುಮಾರು 4 ಫೂಟಿನ ಕಬ್ಬಿಣದ ಆಂಗಲ್, ಮ್ಯಾಲ ತುಕ್ಕು ಹಿಡಿದೈತಿ. ಪೂರಾ ಎರಿ ಮಣ್ಣು. ಆಂಗಲ್ ಸುತ್ತ ಮಣ್ಣು ಬಿಟಗೊಂಡು ಬೆರಳು ಹೋಗುವಷ್ಟು ಸಂದಿ ಆಗೇತಿ.

ಸಕ್ಕರಿಫ್ಯಾಕ್ಟರಿ, ಬಾಗಲಕೋಟೆ ಜಿಲ್ಲೆ
ಇಷ್ಟಕ್ಯಾಕ ತಲಿ ಕೆಡಸ್ಕೋತೀರಿ? ಸಾಕೆಟ್ ಒಳಗ ನ್ಯೂಟ್ರಲ್‌ಗೂ ಅರ್ಥ್‌ಗೂ ಒಂದು ತಂತಿ ತುಂಡು ಕೂಡಸ್ರಿ. ದೀಪ ಹಸರ ಆಗ್ತೈತಿ. ಭಾಳ ಮಂದಿ ಹಂಗ ಮಾಡ್ಯಾರ.

ಗರಸುಮಣ್ಣು, ವಿಜಯಪುರ
ಇದನ್ನು ಯಾರೂ ಮಾಡಬೇಡಿ. ದೀಪ ಹಸಿರಾಗುತ್ತದೆ, ನಿಜ. ಆದರೆ ಕಂಬದಿಂದ ಮನೆಗೆ ಬರುವ ನ್ಯೂಟ್ರಲ್ ಗಾಳಿಗೋ ತುಕ್ಕಿಗೋ ಕಡಿದ ದಿನ, ಮನೆಯ ಫ್ಯಾನ್, ಫ್ರಿಜ್‌ಗಳ ಮೂಲಕ ಬಂದ ಫೇಸ್ ಆ ತುಂಡು ತಂತಿ ದಾಟಿ ಕಾರಿನ ಬಾಡಿಗೆ ಬರುತ್ತದೆ. ಟೈರ್ ಮೇಲೆ ನಿಂತ ಕಾರು, ಒದ್ದೆ ನೆಲದ ಮೇಲೆ ನಿಂತು ಬಾಗಿಲು ಹಿಡಿಯುವ ಮನುಷ್ಯ. ಇನ್ನು ಹೇಳುವುದು ಬೇಡ.

ಮತ್ತೊಂದು: ಲೈನ್‌ನಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದ್ದರೆ ಹೀಗೆ ಕೂಡಿಸಿದಾಗ ಅದು ಬೀಳುತ್ತದೆ, ಯಾಕೆಂದರೆ ನ್ಯೂಟ್ರಲ್ ಕರೆಂಟ್‌ನ ಒಂದು ಪಾಲು ಅರ್ಥ್‌ನಲ್ಲಿ ಹರಿಯುತ್ತದೆ. ಆಗ ಜನ ಆರ್‌ಸಿಸಿಬಿಯನ್ನೂ ಕಿತ್ತು ಹಾಕುತ್ತಾರೆ. ಎರಡೂ ರಕ್ಷಣೆ ಹೋಯಿತು.

ಈಗ ಎರಿಹೊಲ ಅವರ ಗುಂಡಿ. ಎರಿ ಮಣ್ಣು ಹಸಿ ಇದ್ದಾಗ ಅರ್ಥಿಂಗ್‌ಗೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಉಬ್ಬಿ ರಾಡನ್ನು ಬಿಗಿಯಾಗಿ ಹಿಡಿಯುತ್ತದೆ, ಕರೆಂಟನ್ನೂ ಚೆನ್ನಾಗಿ ಒಯ್ಯುತ್ತದೆ. ಒಣಗಿದರೆ ಕುಗ್ಗಿ ಬಿರಿಯುತ್ತದೆ, ರಾಡ್‌ಗೂ ಮಣ್ಣಿಗೂ ಸಂಬಂಧವೇ ತಪ್ಪುತ್ತದೆ. ನಿಮ್ಮ 4 ಫೂಟಿನ ಆಂಗಲ್ ಪೂರ್ತಿ ಆ ಬಿರಿಯುವ ಪದರದಲ್ಲೇ ನಿಂತಿದೆ. ಕೆಳಗಿನ ತೇವ ಅದಕ್ಕೆ ಮುಟ್ಟಿಲ್ಲ.

ಹೊಸ ಗುಂಡಿ ಹೀಗೆ ಮಾಡಿಸಿ. 17.2 ಮಿಮೀ ದಪ್ಪ, 3 ಮೀಟರ್ ಉದ್ದದ ತಾಮ್ರ ಲೇಪಿತ ರಾಡ್, ಲೇಪ 250 ಮೈಕ್ರಾನ್. ಕೈ ಆಗರ್‌ನಿಂದ (ಮಣ್ಣು ಕೊರೆಯುವ ಸಾಧನ) 4ರಿಂದ 6 ಇಂಚು ಅಗಲದ ತೂತು, 10 ಫೂಟ್ ಆಳ. ರಾಡ್ ನಡುಮಧ್ಯ ನಿಲ್ಲಿಸಿ, ಅರ್ಥಿಂಗ್ ಪುಡಿಯನ್ನು ನೀರಿನಲ್ಲಿ ಕಲಸಿ ಅಂಬಲಿಯ ಹದಕ್ಕೆ ತಂದು ಸುತ್ತ ಸುರಿಯಬೇಕು. ಒಣ ಪುಡಿ ಸುರಿದರೆ ನಡುವೆ ಪೊಳ್ಳು ಉಳಿಯುತ್ತದೆ. ಅಂಗಡಿಯಲ್ಲಿ ಬೆಂಟೋನೈಟ್ ಕೊಡುತ್ತಾರೆ. ನಮ್ಮ ಊರಿಗೆ ಅದೊಂದನ್ನೇ ಹಾಕಬೇಡಿ. ಬೆಂಟೋನೈಟ್‌ನಲ್ಲಿರುವುದೂ ಎರಿ ಮಣ್ಣಿನಲ್ಲಿರುವುದೂ ಒಂದೇ ಜಾತಿಯ ಜೇಡಿ, ಒಣಗಿದರೆ ಅದೂ ಕುಗ್ಗುತ್ತದೆ. ಗ್ರಾಫೈಟ್ ಇರುವ ಪುಡಿ ಕೇಳಿ ತನ್ನಿ.

ಇದ್ದಲು-ಉಪ್ಪು ಹಾಕಿ 40 ಮಿಮೀ ಜಿಐ (ಸತು ಲೇಪಿತ ಕಬ್ಬಿಣದ) ಪೈಪ್ ಹುಗಿಯುವ ಹಳೆಯ ಪದ್ಧತಿಯೂ ನಡೆಯುತ್ತದೆ. ಆದರೆ ಉಪ್ಪು ಪೈಪನ್ನೇ ತಿನ್ನುತ್ತದೆ.

ರಾಡ್‌ನಿಂದ ಬೋರ್ಡಿನವರೆಗೆ 10 ಚದರ ಮಿಮೀ ಹಸಿರು ತಾಮ್ರದ ವೈರ್, ಪಿವಿಸಿ ಪೈಪ್ ಒಳಗೆ. ಕ್ಲಾಂಪ್ ಮಣ್ಣಿನಲ್ಲಿ ಮುಚ್ಚಿಹೋಗಬಾರದು. ಚೇಂಬರ್ ಕಟ್ಟಿಸಿ ಮುಚ್ಚಳ ಹಾಕಿಸಿ.

ಎರಿಹೊಲ, ವಿಜಯಪುರ
ನಮ್ಮಲ್ಲಿ 5-6 ಫೂಟಿಗೇ ಕಲ್ಲು ಹತ್ತತೈತ್ರಿ. 10 ಫೂಟ್ ಹೋಗೂದು ಕಷ್ಟ.

ಗರಸುಮಣ್ಣು, ವಿಜಯಪುರ
ಕೆಳಗೆ ಬಸಾಲ್ಟ್ ಬಂಡೆ ಇದ್ದರೆ ಒಂದೇ ಆಳದ ಗುಂಡಿಯ ಹಟ ಬಿಡಿ. ಕಲ್ಲಿನ ತನಕ ಎರಡು ರಾಡ್ ಇಳಿಸಿ, ಎರಡರ ನಡುವೆ ರಾಡ್ ಉದ್ದದ ಎರಡು ಪಟ್ಟು ಅಂತರ ಬಿಟ್ಟು, ವೈರ್‌ನಿಂದ ಕೂಡಿಸಿ. ಹತ್ತಿರ ಹತ್ತಿರ ಹುಗಿದರೆ ಎರಡನೆಯದರಿಂದ ಲಾಭ ಕಡಿಮೆ. ಜಾಗ ಬಚ್ಚಲ ನೀರು ಹೋಗುವ ಕಡೆ, ನೆರಳಲ್ಲಿ ಇರಲಿ. ಆರ್‌ಓ ಯಂತ್ರದ ವೇಸ್ಟ್ ನೀರಿನ ಪೈಪನ್ನು ಚೇಂಬರ್‌ಗೆ ತಿರುಗಿಸಿದರೆ ಬಹಳ ಅನುಕೂಲ. ಆ ನೀರು ದಿನಾ ಬರುತ್ತದೆ, ಲವಣವೂ ಜಾಸ್ತಿ.

ಕೆಲಸ ಮುಗಿದ ಮೇಲೆ ಅರ್ಥ್ ಟೆಸ್ಟರ್ (ಅರ್ಥ್‌ನ ರೋಧ ಅಳೆಯುವ ಯಂತ್ರ) ಇದ್ದವರನ್ನೇ ಕರೆಸಿ. ಮೇನ್ ಆಫ್ ಮಾಡಿ, ಮನೆಯ ಅರ್ಥ್ ವೈರನ್ನು ರಾಡ್‌ನಿಂದ ಬಿಚ್ಚಿ, ಕರೆಂಟ್ ಮೊಳೆ 20-25 ಮೀಟರ್ ದೂರ, ವೋಲ್ಟೇಜ್ ಮೊಳೆ ಆ ದೂರದ 62 ಪರ್ಸೆಂಟ್‌ನಲ್ಲಿ ಹೊಡೆದು ಅಳೆಯಬೇಕು. 5 ಓಮ್ ಒಳಗೆ ಬಂದರೆ ಉತ್ತಮ.

ಕೋಟೆಕೆರೆ, ಬೆಳಗಾವಿ
ನಮ್ಮ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣಲ್ಲಿ ಬಿರುಕಿನ ಕಾಟ ಇಲ್ಲ, ಆದರೆ ನೀರು ನಿಲ್ಲುವುದಿಲ್ಲ. ಬಾದಾಮಿ ಕಡೆಯ ಮರಳುಗಲ್ಲಿನಲ್ಲಿ ಇನ್ನೂ ಕಷ್ಟ. ಅಂಥಲ್ಲಿ ಬೆಂಟೋನೈಟ್ ಒಳ್ಳೆಯದೇ, ತೇವ ಹಿಡಿದಿಟ್ಟುಕೊಳ್ಳುತ್ತದೆ, ಆದರೆ ನೀರು ಹಾಕುತ್ತಿರಬೇಕು.

ಎರಿಹೊಲ ಅವರೇ, ಆ ಸಾಕೆಟ್ ಲೈನ್‌ಗೆ ಆರ್‌ಸಿಸಿಬಿ ಇದೆಯೇ? ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಆಫ್ ಆಗುವ ಸ್ವಿಚ್) ಮಾತ್ರ ಇದ್ದರೆ ಲೆಕ್ಕ ನೋಡಿ: ಅರ್ಥ್ 180 ಓಮ್ ಇದ್ದಾಗ ಫೇಸ್ ಬಾಡಿಗೆ ತಾಗಿದರೆ ಹರಿಯುವುದು 230 ÷ 180, ಅಂದರೆ 1.3 ಆಂಪ್ ಕೂಡ ಇಲ್ಲ. 20 ಆಂಪ್ ಎಂಸಿಬಿ ಯಾವತ್ತೂ ಬೀಳುವುದಿಲ್ಲ. 20 ಓಮ್ ಇದ್ದರೂ 11.5 ಆಂಪ್, ಆಗಲೂ ಬೀಳುವುದಿಲ್ಲ. ಈ ಸಾಕೆಟ್‌ಗೇ ಪ್ರತ್ಯೇಕವಾಗಿ 30 ಮಿಲಿಆಂಪ್, ಟೈಪ್ ಎ ಆರ್‌ಸಿಸಿಬಿ ಹಾಕಿ. ಅಂಗಡಿಯವರು ಕೇಳದಿದ್ದರೆ ಟೈಪ್ ಎಸಿ ಕೊಡುತ್ತಾರೆ. ಕಾರಿನ ಚಾರ್ಜಿಂಗ್‌ನಲ್ಲಿ ಡಿಸಿ ಸೋರಿಕೆ ಬಂದರೆ ಆ ಟೈಪ್ ಎಸಿ ಮಂಕಾಗಿ ಬೀಳದೆ ಉಳಿಯಬಹುದು.

ಎರಿಹೊಲ, ವಿಜಯಪುರ
ಆರ್‌ಸಿಸಿಬಿ ಇರಲಿಲ್ರಿ. ಈಗ ಹಾಕಿಸೇವಿ, 20 ಆಂಪ್ ಸಿ-ಕರ್ವ್ ಎಂಸಿಬಿ ಜೋಡಿ.

ಅರ್ಥ್ ಟೆಸ್ಟರ್ ತರಿಸಿ ಅಳದ್ವಿ. ಹಳೇ ಆಂಗಲ್: 186 ಓಮ್. ಬಚ್ಚಲ ಹಿಂದ ಎರಡು ರಾಡ್ ಹಾಕಿದ್ವಿ, ಎರಡೂ 6 ಫೂಟಿಗೆ ನಿಂತಾವು, ನಡು 4 ಮೀಟರ್. ಕೂಡಿಸಿ ಅಳದ್ರ 4.6 ಓಮ್. ಚಾರ್ಜರ್ ಹಸರ, ಭರ್ತಿ ಬಿಸಲಾಗೂ.

ಆದ್ರ ಈಗ ಪ್ಲಗ್ ಬಿಸಿ ಆಗ್ತೈತಿ. ರಾತ್ರಿ ಹಚ್ಚಿ ಎರಡು ತಾಸಿಗೆ ಮುಟ್ಟಿದ್ರ ಕೈ ಇಡಾಕ ಬರೂದಿಲ್ಲ. ಬ್ಯಾಸಗ್ಯಾಗ ಮದಲ ಇಷ್ಟು ಹೊತ್ತು ನಡೀತಾನ ಇರಲಿಲ್ಲ, ಅದಕ್ಕ ಗೊತ್ತಾಗಿರಲಿಲ್ಲೇನೋ.

ನವನಗರದವ, ಬಾಗಲಕೋಟೆ
ಇವತ್ತಿಂದ ಹಚ್ಚೂದು ಬಂದ್ ಮಾಡ್ರಿ, ಸಾಕೆಟ್ ಬಿಚ್ಚೂತನಕ. ಮೇನ್ ಆಫ್ ಮಾಡಿ ಬಿಚ್ಚಿ ನೋಡ್ರಿ. ಫೇಸ್ ಅಥವಾ ನ್ಯೂಟ್ರಲ್ ಸ್ಕ್ರೂ ಹತ್ರ ಪ್ಲಾಸ್ಟಿಕ್ ಕಂದು ಬಣ್ಣಕ್ಕ ತಿರುಗಿದ್ರ ಜೋಡಣಿ ಸಡ್ಲ ಐತಿ ಅಂತ ಲೆಕ್ಕ. ಅಲ್ಲಿ 0.1 ಓಮ್ ಇದ್ರೂ 15 ಆಂಪ್ ಹರಿದಾಗ 22 ವ್ಯಾಟ್ ಶಾಖ ಆಗ್ತೈತಿ. ಗೀಝರ್ ಇಪ್ಪತ್ತು ನಿಮಿಷಕ್ಕ ಬಂದ್ ಆಗ್ತೈತಿ, ಕಾರ್ ಎಂಟು ತಾಸು ಎಳೀತೈತಿ. ಅದಕ್ಕ ಗೀಝರ್‌ಗೆ ನಡೆದ ಸಾಕೆಟ್ ಕಾರಿಗೆ ಕರಗತೈತಿ.

ಕಂದಿದ ಸಾಕೆಟ್ ತಿರುಗಿ ಬಿಗಿ ಮಾಡಬ್ಯಾಡ್ರಿ, ಒಗೀರಿ. ಐಎಸ್ 1293 (ಪ್ಲಗ್-ಸಾಕೆಟ್‌ನ ಭಾರತೀಯ ಮಾನಕ) ಗುರುತಿನ 16 ಆಂಪ್ ಸಾಕೆಟ್ ತರ್ರಿ. ವೈರ್ 2.5 ಚದರ ಮಿಮೀ ಇದ್ರ 4ಕ್ಕೆ ಬದಲಿಸ್ರಿ. ಬೋರ್ಡಿನಿಂದ ಪಾರ್ಕಿಂಗ್ 25 ಮೀಟರ್ ಇದ್ರ 2.5ರೊಳಗ 6 ವೋಲ್ಟ್ ಹೋಗ್ತೈತಿ, 4ರೊಳಗ ಸುಮಾರು 3.7. ಎಳೆ ತುದಿಗೆ ಲಗ್ (ಲೋಹದ ಟೊಪ್ಪಿಗಿ) ಒತ್ತಿ ಸ್ಕ್ರೂ ಬಿಗೀರಿ. ಪ್ಲಗ್ಗಿನ ಪಿನ್ ಕಪ್ಪಾಗಿದ್ರ ಅದನ್ನೂ ಬದಲಿ ಮಾಡಸ್ರಿ, ಇಲ್ಲಾಂದ್ರ ಹೊಸ ಸಾಕೆಟ್ಟೂ ಸುಡತೈತಿ.

ಎರಿಹೊಲ, ವಿಜಯಪುರ
ನ್ಯೂಟ್ರಲ್ ಸ್ಕ್ರೂ ಸಡ್ಲಿತ್ರಿ, ಪ್ಲಾಸ್ಟಿಕ್ ಉಬ್ಬೇತಿ. ವೈರ್ 2.5 ಐತಿ. ಎಲ್ಲಾ ಬದಲಸ್ತೀವಿ. ಅರ್ಥ್ ಮತ್ತ ಯಾವಾಗ ಅಳೀಬೇಕ್ರಿ?

ಗರಸುಮಣ್ಣು, ವಿಜಯಪುರ
ಮಳೆಗಾಲದಲ್ಲಿ ಅಳೆದ ರೀಡಿಂಗ್ ಚಂದ ಕಾಣುತ್ತದೆ, ಪ್ರಯೋಜನವಿಲ್ಲ. ಮುಂದಿನ ಏಪ್ರಿಲ್ ಕೊನೆಗೆ, ಒಂದು ವಾರ ಆರ್‌ಓ ನೀರು ಬೇರೆ ಕಡೆ ತಿರುಗಿಸಿ ಅಳೆಯಿರಿ. 10 ಓಮ್ ದಾಟಿದರೆ ಮೂರನೇ ರಾಡ್. ತಾರೀಖು, ರೀಡಿಂಗ್ ಎರಡನ್ನೂ ಡಿಬಿ (ಎಂಸಿಬಿಗಳಿರುವ ಪೆಟ್ಟಿಗೆ) ಬಾಗಿಲ ಒಳಗೆ ಬರೆದಿಡಿ, ಮುಂದೆ ಬರುವ ವೈರಮನ್‌ಗೆ ಬೇಕಾಗುತ್ತದೆ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿದ್ದೀರಾ? 3 ಕಿಲೋವ್ಯಾಟ್ ಇದ್ದರೆ ಈ ಚಾರ್ಜರ್ ಒಂದೇ ಅದನ್ನು ಮೀರುತ್ತದೆ. ಹೆಸ್ಕಾಂ (ನಮ್ಮ ಭಾಗದ ವಿದ್ಯುತ್ ಕಂಪನಿ) ಉಪವಿಭಾಗದಲ್ಲಿ ಲೋಡ್ ಹೆಚ್ಚಿಸಲು ಅರ್ಜಿ ಕೊಡಿ.