‘ಘನ ಲಿಫ್ಟರ್ ಕ್ಯಾಮ್‌ಶಾಫ್ಟ್’ ಎಂಬ ಪ್ರಯೋಗ ಸರಿಯೇ?

ಮಾನ್ಯರೇ,

ಮೋಟಾರ್‌ಸೈಕಲ್ ಎಂಜಿನ್ನಿನಲ್ಲಿ ಉಬ್ಬುಳ್ಳ ಕ್ಯಾಮ್‌ಗಳನ್ನು ಹೊತ್ತು ತಿರುಗುತ್ತ, ಗಾಳಿ-ಇಂಧನ ಒಳಬರುವ ಮತ್ತು ಹೊಗೆ ಹೊರಹೋಗುವ ವಾಲ್ವ್‌ಗಳನ್ನು ತೆರೆಸುವ ದಂಡವೇ ಕ್ಯಾಮ್‌ಶಾಫ್ಟ್. ಸಾಲಿಡ್ ಲಿಫ್ಟರ್ ಕ್ಯಾಮ್‌ಶಾಫ್ಟನ್ನು ‘ಘನ ಲಿಫ್ಟರ್ ಕ್ಯಾಮ್‌ಶಾಫ್ಟ್’ ಎಂದೂ ಹೈಡ್ರಾಲಿಕ್ ಲಿಫ್ಟರಿನದನ್ನು ‘ದ್ರವಚಾಲಿತ ಲಿಫ್ಟರ್ ಕ್ಯಾಮ್‌ಶಾಫ್ಟ್’ ಎಂದೂ ಬರೆದರೆ ಅರ್ಥ ಕೆಡುವುದಿಲ್ಲವೇ? ಕೆಡುತ್ತದೆ ಎಂಬುದು ನನ್ನ ಅಭಿಪ್ರಾಯ.

‘ಘನ’ ಎಂದೊಡನೆ ಪೊಳ್ಳಲ್ಲದ ಶಾಫ್ಟ್ ಎಂಬ ಅರ್ಥ ಹೊಳೆಯುತ್ತದೆ. ಆದರೆ ಆ ವಿಶೇಷಣ ಸಲ್ಲಬೇಕಾದದ್ದು ಶಾಫ್ಟಿಗಲ್ಲ, ಕ್ಯಾಮಿನ ಉಬ್ಬಿನ ಮೇಲೆ ಕುಳಿತು ಪುಶ್‌ರಾಡನ್ನು (ರಾಕರ್ ಆರ್ಮಿನವರೆಗೆ ಚಲನೆಯನ್ನು ಒಯ್ಯುವ ಕೋಲನ್ನು) ಎತ್ತುವ ಲಿಫ್ಟರಿಗೆ, ಅಂದರೆ ಮೆಕ್ಯಾನಿಕ್‌ಗಳ ಮಾತಿನ ಟ್ಯಾಪೆಟ್ಟಿಗೆ. ಅದು ಒಂದೇ ಗಟ್ಟಿ ತುಂಡಾಗಿದ್ದರೆ ಸಾಲಿಡ್. ಎಂಜಿನ್ ಕಾದಂತೆ ಭಾಗಗಳ ಅಳತೆ ಬದಲಾಗುವುದರಿಂದ ಇಂಥ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ವಾಲ್ವಿನ ತುದಿಗೂ ಅದನ್ನು ಒತ್ತಿ ತೆರೆಯುವ ಸನ್ನೆಯಾದ ರಾಕರ್ ಆರ್ಮಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತಾರೆ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹಪಟ್ಟಿ) ತೂರಿಸಿ ‘ಟ್ಯಾಪೆಟ್ ಅಡ್ಜಸ್ಟ್’ ಮಾಡುವುದು ಈ ಸಂದನ್ನೇ.

ಹೈಡ್ರಾಲಿಕ್ ಲಿಫ್ಟರಿನ ಒಳಗೆ ಮೇಲೆ ಕೆಳಗೆ ಸರಿಯುವ ಚಿಕ್ಕ ಪ್ಲಂಜರ್, ಅದರಡಿ ಸ್ಪ್ರಿಂಗ್, ಆಯಿಲನ್ನು ಒಳಬಿಟ್ಟು ಹಿಂದಿರುಗದಂತೆ ತಡೆಯುವ ಚೆಕ್ ವಾಲ್ವ್ ಇರುತ್ತವೆ. ಎಂಜಿನ್ನಿನ ವಾಲ್ವ್ ಮುಚ್ಚಿರುವಾಗ ಸ್ಪ್ರಿಂಗ್ ಪ್ಲಂಜರನ್ನು ಮೇಲೊತ್ತಿ ಸಂದನ್ನು ಇಲ್ಲವಾಗಿಸುತ್ತದೆ, ತೆರವಾದ ಜಾಗವನ್ನು ಆಯಿಲ್ ತುಂಬುತ್ತದೆ. ಕ್ಯಾಮಿನ ಉಬ್ಬು ಎತ್ತತೊಡಗಿದಾಗ ಒಳಗೆ ಸಿಕ್ಕಿಬಿದ್ದ ಆಯಿಲ್ ಗಟ್ಟಿ ತುಂಡಿನಂತೆಯೇ ಭಾರ ಹೊರುತ್ತದೆ. ಎತ್ತುವ ಶಕ್ತಿ ಇಲ್ಲಿಯೂ ಕ್ಯಾಮಿನದೇ. ಆದ್ದರಿಂದ ಬ್ರೇಕಿಗೆ ಒಪ್ಪುವ ‘ದ್ರವಚಾಲಿತ’ ಇದಕ್ಕೆ ಒಪ್ಪುವುದಿಲ್ಲ.

‘ಸಂದು ಬಿಡುವ’, ‘ಸಂದು ತುಂಬುವ’ ಎಂಬ ವಿಶೇಷಣಗಳು ನನಗೆ ಹೆಚ್ಚು ಸರಿಯೆನಿಸುತ್ತವೆ. ಹಾರ್ಲೆ-ಡೇವಿಡ್‌ಸನ್ 1948ರಲ್ಲಿ ಪ್ಯಾನ್‌ಹೆಡ್ ಎಂಜಿನ್ನಿನೊಂದಿಗೆ ಹೈಡ್ರಾಲಿಕ್ ವ್ಯವಸ್ಥೆಯನ್ನು ತಂದಾಗ ಅದನ್ನು ಪುಶ್‌ರಾಡಿನ ಮೇಲ್ತುದಿಯಲ್ಲಿ ಇರಿಸಿತ್ತು. ಕೆಳಗೆ ಟ್ಯಾಪೆಟ್ಟಿಗೆ ಇಳಿಸಿದ್ದು 1953ರಲ್ಲಿ. ಭಾಗ ಎಲ್ಲಿಯೇ ಇರಲಿ, ಕೆಲಸವನ್ನು ಹೇಳುವ ಹೆಸರು ಎರಡಕ್ಕೂ ಹೊಂದುತ್ತದೆ.

ಹಾಗಾದರೆ ಕ್ಯಾಮ್‌ಶಾಫ್ಟಿನಲ್ಲಿ ವ್ಯತ್ಯಾಸವೇ ಇಲ್ಲವೇ? ಇದೆ, ಅದು ಉಬ್ಬಿನ ಆಕಾರದಲ್ಲಿದೆ. ಸಂದನ್ನು ಮೆಲ್ಲಗೆ ಮುಗಿಸಿ ಆಮೇಲೆ ವಾಲ್ವನ್ನು ಎತ್ತಲೆಂದು, ಹಾಗೆಯೇ ವಾಲ್ವನ್ನು ಮೆಲ್ಲಗೆ ಇಳಿಸಲೆಂದು, ಸಾಲಿಡ್ ಲಿಫ್ಟರಿನ ಕ್ಯಾಮಿನಲ್ಲಿ ಉಬ್ಬಿನ ಎರಡೂ ಬದಿಗೆ ನಿಧಾನವಾದ ಓರೆಯನ್ನು ಕೊಟ್ಟಿರುತ್ತಾರೆ. ಹೈಡ್ರಾಲಿಕ್ ಲಿಫ್ಟರಿನ ಕ್ಯಾಮಿನಲ್ಲಿ ಈ ಓರೆ ಗಿಡ್ಡ. ಗಿಡ್ಡ ಓರೆಯ ಕ್ಯಾಮಿಗೆ ಸಾಲಿಡ್ ಲಿಫ್ಟರ್ ಹಾಕಿದರೆ ಉಬ್ಬಿನ ಕಡಿದಾದ ಭಾಗದಲ್ಲಿ ಸಂದು ಮುಗಿದು ಬಡಿತ ಕೇಳಿಸುತ್ತದೆ, ವಾಲ್ವ್ ಸೀಟಿನ ಮೇಲೆ ರಭಸದಿಂದ ಬೀಳುತ್ತದೆ. ಉದ್ದ ಓರೆಯ ಕ್ಯಾಮಿಗೆ ಹೈಡ್ರಾಲಿಕ್ ಲಿಫ್ಟರ್ ಹಾಕಿದರೆ, ಸಂದೇ ಇಲ್ಲದ ಕಾರಣ ಓರೆಯೂ ವಾಲ್ವನ್ನು ಎತ್ತಿ, ಇನ್‌ಟೇಕ್ ಮತ್ತು ಎಕ್ಸಾಸ್ಟ್ ವಾಲ್ವ್‌ಗಳು ಒಟ್ಟಿಗೆ ತೆರೆದಿರುವ ಅವಧಿ ಹಿಗ್ಗಿ, ಐಡ್ಲಿಂಗ್ (ಗಾಡಿ ನಿಂತಿರುವಾಗಿನ ಎಂಜಿನ್ ಓಟ) ಒರಟಾಗುತ್ತದೆ. ವಾಲ್ವ್ ಎಷ್ಟು ಎತ್ತರ ಏಳುತ್ತದೆ ಎಂದು ಲೆಕ್ಕ ಹಾಕುವಾಗಲೂ ಸಾಲಿಡ್ ಕ್ಯಾಮಿನಲ್ಲಿ ಸಂದಿನ ಅಳತೆಯನ್ನು ಕಳೆಯಬೇಕು.

ಆ ಭಾಗಕ್ಕೆ ನಾನು ಮೇಲೆ ‘ಓರೆ’ ಎಂದು ಬರೆದಿದ್ದೇನೆ. ‘ಇಳಿಜಾರು’ ಎಂದರೆ ಇಳಿಯುವ ಬದಿಯೊಂದೇ ಸೂಚಿತವಾಗುತ್ತದೆ, ‘ಏರು’ ಎಂದರೆ ಇನ್ನೊಂದೇ. ಎರಡೂ ಬದಿಗೆ ಸಲ್ಲುವ, ಲೇತ್ ಅಥವಾ ಗ್ರೈಂಡಿಂಗ್ ಕೆಲಸದವರ ಬಾಯಲ್ಲಿ ಈಗಾಗಲೇ ಇರುವ ಪದ ತಮಗೆ ತಿಳಿದಿದ್ದರೆ ದಯವಿಟ್ಟು ಬಳಕೆಯ ಒಂದು ವಾಕ್ಯದೊಡನೆ ತಿಳಿಸಬೇಕಾಗಿ ಕೋರುತ್ತೇನೆ.