ಹಣವೇ ಇಲ್ಲದ ದೇಶದಲ್ಲಿ ಜನ ಊಟ ಮಾಡಿದ್ದು ಹೇಗೆ?

ಶಿಡ್ಲಘಟ್ಟದ ರೀಲರ್:
ನಾನು ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕಸುಬಿನವನು. ಗೂಡಿನ ಮಾರುಕಟ್ಟೆಯಲ್ಲಿ ದುಡ್ಡು ಕಟ್ಟದೆ ಒಂದು ಲಾಟನ್ನೂ ಎತ್ತುವಂತಿಲ್ಲ. ಕಾಂಬೋಡಿಯಾದಲ್ಲಿ ಕೆಲಸಕ್ಕಿರುವ ನನ್ನ ಅಳಿಯ, ಅಲ್ಲಿ 1975ರಿಂದ ಸುಮಾರು ನಾಲ್ಕು ವರ್ಷ ಹಣವೇ ಇರಲಿಲ್ಲ ಎನ್ನುತ್ತಾನೆ. ಹಾಗಾದರೆ ವ್ಯವಹಾರ ಹೇಗೆ ನಡೆಯಿತು? ಜನ ಅದಕ್ಕೆ ಒಪ್ಪಿದರೇ?

ಕೋಲಾರದ ನಿವೃತ್ತ ಮೇಷ್ಟ್ರು:
ಒಪ್ಪಿಗೆಯನ್ನು ಕೇಳಿದವರು ಯಾರು ಸ್ವಾಮಿ? 1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಬಂಡುಕೋರರ ಪಡೆ ರಾಜಧಾನಿ ನಾಮ್ ಪೆನ್ ನಗರವನ್ನು ಹೊಕ್ಕಿತು. ಅಮೆರಿಕ ಬಾಂಬು ಹಾಕುತ್ತದೆ, ಕೆಲವು ದಿನ ಊರು ಬಿಡಿ ಎಂದು ಹೇಳಿ ಎಲ್ಲರನ್ನೂ ಹೊರಗಟ್ಟಿದರು. ಆಸ್ಪತ್ರೆಯ ರೋಗಿಗಳನ್ನೂ ಬಿಡಲಿಲ್ಲ. ರಾಷ್ಟ್ರೀಯ ಬ್ಯಾಂಕಿನ ಕಟ್ಟಡವನ್ನು ಸ್ಫೋಟಿಸಿದರು. ವಿಚಿತ್ರವೆಂದರೆ ಹೊಸ ನೋಟುಗಳನ್ನು ಅಚ್ಚು ಹಾಕಿಸಿಯೂ ಇದ್ದರು, ಚಲಾವಣೆಗೆ ಮಾತ್ರ ಬಿಡಲಿಲ್ಲ. ಮಾರುಕಟ್ಟೆ ಹೋಯಿತು, ಸಂಬಳ ಹೋಯಿತು. ಸಾಮೂಹಿಕ ಅಡುಗೆಮನೆಯ ತೆಳು ಗಂಜಿಯೇ ಕೂಲಿ. ಹೆಕ್ಟೇರಿಗೆ 3 ಟನ್ ಭತ್ತ ಬೆಳೆಯಬೇಕೆಂದು ಖ್ಮೇರ್ ರೂಜ್ ನಾಯಕ ಪೋಲ್ ಪಾಟ್ ಸರ್ಕಾರದ ಗುರಿ. ಅಷ್ಟು ಬಂದಿಲ್ಲ ಎಂದು ಹೇಳುವ ಧೈರ್ಯ ಕೆಳಗಿನವರಿಗೆ ಇರಲಿಲ್ಲ. ಲೆಕ್ಕ ಹಿಗ್ಗಿಸಿದರು, ಲೆಕ್ಕದಂತೆ ಧಾನ್ಯ ಹೊರಟುಹೋಯಿತು, ಬೆಳೆದವರು ಹಸಿದರು. ಹಸಿವು, ರೋಗ, ದುಡಿತ, ಕೊಲೆ ಎಲ್ಲ ಸೇರಿ 15ರಿಂದ 20 ಲಕ್ಷ ಮಂದಿ ಸತ್ತರು.

ತುಮಕೂರಿನ ಓದುಗ:
ಮೇಷ್ಟ್ರು ಕಥೆಯನ್ನು ನಡುವಿನಿಂದ ಹಿಡಿದಿದ್ದಾರೆ. ಈ ಪಡೆ ಬೆಳೆದದ್ದು ಹೇಗೆ? 1969ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಹಳ್ಳಿಗಳ ಮೇಲೆ ಬಾಂಬು ಸುರಿದವು. 1970ರಲ್ಲಿ ದೇಶದ ಮುಖ್ಯಸ್ಥ, ಹಿಂದಿನ ರಾಜ ಸಿಹಾನೂಕ್ ವಿದೇಶದಲ್ಲಿದ್ದಾಗ ಅವರನ್ನು ಪ್ರಧಾನಿ ಲಾನ್ ನಾಲ್ ಪದಚ್ಯುತಗೊಳಿಸಿದ. ಸಿಹಾನೂಕ್ ತಮ್ಮ ಹಳೆಯ ವೈರಿಗಳಾದ ಖ್ಮೇರ್ ರೂಜ್ ಜೊತೆಗೇ ಕೈಜೋಡಿಸಿದರು. ರಾಜನಿಗಾಗಿ ಎಂದುಕೊಂಡು ಕೋವಿ ಹಿಡಿದ ರೈತರು ಬಹಳ.

ಕೋಲಾರದ ನಿವೃತ್ತ ಮೇಷ್ಟ್ರು:
ಅದು ನಿಜ, ಒಪ್ಪಿದೆ. ಆದರೆ ಬ್ಯಾಂಕಿಗೆ ಸಿಡಿಮದ್ದು ಇಟ್ಟದ್ದು ಅಮೆರಿಕವಲ್ಲ.

ಶಿಡ್ಲಘಟ್ಟದ ರೀಲರ್:
ಜಗಳ ಆಮೇಲೆ ಆಡಿ. ಹಣ ಮರಳಿ ಬಂದದ್ದು ಯಾವಾಗ?

ತುಮಕೂರಿನ ಓದುಗ:
1979ರ ಜನವರಿ 7ರಂದು ವಿಯೆಟ್ನಾಂ ಸೈನ್ಯ ರಾಜಧಾನಿಯನ್ನು ಹಿಡಿಯಿತು. ಆಮೇಲೂ ಕೆಲಕಾಲ ಅಕ್ಕಿಯನ್ನೇ ಅಳೆದುಕೊಟ್ಟು ಸಾಮಾನು ಕೊಳ್ಳುತ್ತಿದ್ದರು, ಸ್ವಲ್ಪ ಚಿನ್ನವೂ ಓಡಾಡುತ್ತಿತ್ತು. ಕಾಂಬೋಡಿಯಾದ ಹಣವಾದ ರಿಯಲ್ ನೋಟು ಮತ್ತೆ ಬಂದದ್ದು 1980ರಲ್ಲಿ. ಅದೇ ವರ್ಷ ಭಾರತ, ವಿಯೆಟ್ನಾಂ ಬೆಂಬಲದ ಹೊಸ ಸರ್ಕಾರಕ್ಕೆ ಮಾನ್ಯತೆ ನೀಡಿತು. ವಿಶ್ವಸಂಸ್ಥೆಯ ಕುರ್ಚಿಯಲ್ಲಿ ಮಾತ್ರ ಪೋಲ್ ಪಾಟ್ ಕಡೆಯವರೇ ಇನ್ನೂ ಕುಳಿತಿದ್ದರು.

ಶಿಡ್ಲಘಟ್ಟದ ರೀಲರ್:
ಚಲಾವಣೆಗೆ ಬಾರದ ಆ ನೋಟು ಸಿಕ್ಕರೆ ಒಂದು ತಾ ಎಂದು ಅಳಿಯನಿಗೆ ಹೇಳಿದ್ದೇನೆ. ಗೂಡಿಗೆ ಖರ್ಚಾಗದ ಒಂದು ನೋಟಾದರೂ ಮನೆಯಲ್ಲಿ ಉಳಿಯಲಿ.