ಹಳೆ ರೆಕಾರ್ಡ್ ಪ್ಲೇಯರ್, ಸೌದಿಯ ಟೂ-ಇನ್-ವನ್: ಹೊಸ ಆಂಪ್ಲಿಫೈಯರಿಗೆ ಜೋಡಿಸುವುದು ಹೇಗೆ?

ನೀರ್ಚಾಲು_ನಾದ:
ಮನೆಯಲ್ಲಿ ಎರಡು ಹಳೆ ಸಾಮಾನು ಉಂಟು. ಒಂದು ರೆಕಾರ್ಡ್ ಪ್ಲೇಯರ್, ಅದರ ವಯರಿನ ತುದಿಯಲ್ಲಿ ಐದು ಪಿನ್ನಿನ ಉರುಟು ಪ್ಲಗ್. ಇನ್ನೊಂದು ಸೌದಿಯಿಂದ ಬಂದ ಟೂ-ಇನ್-ವನ್ (ರೇಡಿಯೊ, ಕ್ಯಾಸೆಟ್ ಎರಡೂ ಇರುವ ಸೆಟ್). ಲೈನ್ ಔಟ್ ಇಲ್ಲ, ಇಯರ್‌ಫೋನಿನ ತೂತು ಮಾತ್ರ. ಹೊಸ ಆಂಪ್ಲಿಫೈಯರಿನಲ್ಲಿ ಕೆಂಪು-ಬಿಳಿ ಆರ್‌ಸಿಎ ತೂತಿನ ಆಕ್ಸ್ ಇನ್‌ಪುಟ್ ಉಂಟು, ರೆಕಾರ್ಡ್ ಪ್ಲೇಯರಿಗೆಂದೇ ಇರುವ ಫೋನೊ ಇನ್‌ಪುಟ್ ಇಲ್ಲ.

ಐದು ಪಿನ್ನಿನಿಂದ ಆರ್‌ಸಿಎಗೆ ಬರುವ ಕೇಬಲ್ ತಂದು ಆಕ್ಸಿಗೆ ಕೊಟ್ಟೆ. ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಸ್ವರ ಸಣ್ಣ, ಬೇಸ್ ಇಲ್ಲವೇ ಇಲ್ಲ, ಮೇಲಿಂದ ಗುಂಯ್ ಎಂಬ ಹಮ್ಮಿಂಗ್. ಸೂಜಿ ಹೋಗಿದೆಯಾ? ಟೂ-ಇನ್-ವನ್ನಿನಲ್ಲಿ ತಾಳಮದ್ದಳೆ ಕ್ಯಾಸೆಟ್ ಹಾಕಿದರೆ ಎಡಗಡೆ ಸ್ಪೀಕರಿನಲ್ಲಿ ಮಾತ್ರ ಕೇಳ್ತದೆ. ಗೊತ್ತಿದ್ದವರು ಹೇಳಿ.

ಉಪ್ಪಳ_ಸರ್ಕ್ಯೂಟ್:
ಸೂಜಿಯ ಮೇಲೆ ಈಗಲೇ ಸಂಶಯ ಬೇಡ. ನೀವು ಹೇಳುವ ಮೂರೂ ಲಕ್ಷಣ ಫೋನೊ ಪ್ರಿಆಂಪ್, ಎಂದರೆ ರೆಕಾರ್ಡ್ ಪ್ಲೇಯರಿನ ಸಣ್ಣ ಸಿಗ್ನಲನ್ನು ಏರಿಸುವ ಪೆಟ್ಟಿಗೆ, ಇಲ್ಲದ್ದಕ್ಕೆ ಬರುವಂಥದ್ದು.

ಮ್ಯಾಗ್ನೆಟಿಕ್ ಕಾರ್ಟ್ರಿಜ್ (ಸೂಜಿಯ ಅಲುಗಾಟವನ್ನು ಸಿಗ್ನಲ್ ಮಾಡುವ ತುಂಡು) ಕೊಡುವುದು 3ರಿಂದ 5 ಮಿಲಿವೋಲ್ಟ್. ಆಕ್ಸಿಗೆ ಬೇಕಾದದ್ದು ನೂರಾರು ಮಿಲಿವೋಲ್ಟ್. ಪ್ರಿಆಂಪ್ ಅದನ್ನು ಸುಮಾರು 40 ಡೆಸಿಬೆಲ್, ಎಂದರೆ ನೂರು ಪಟ್ಟು, ಏರಿಸ್ತದೆ. ಅಷ್ಟೇ ಆಗಿದ್ದರೆ ಯಾವುದಾದರೂ ಮೈಕ್ ಪ್ರಿಆಂಪ್ ಸಾಕಿತ್ತು. ಆದರೆ ರೆಕಾರ್ಡ್ ಕೊರೆಯುವಾಗಲೇ ಬೇಸ್ ತಗ್ಗಿಸಿ ಟ್ರೆಬಲ್ ಏರಿಸಿರ್ತಾರೆ, ಇಲ್ಲದಿದ್ದರೆ ಬೇಸಿಗೆ ಗೆರೆ ಅಗಲವಾಗಿ ಓಲಾಡಿ ಪಕ್ಕದ ಗೆರೆಗೆ ತಾಗ್ತದೆ. 1 ಕಿಲೊಹರ್ಟ್ಸಿಗೆ ಹೋಲಿಸಿದರೆ 20 ಹರ್ಟ್ಸಿನಲ್ಲಿ ಸುಮಾರು 19 ಡೆಸಿಬೆಲ್ ಕಡಿಮೆ, 20 ಕಿಲೊಹರ್ಟ್ಸಿನಲ್ಲಿ ಹೆಚ್ಚುಕಮ್ಮಿ ಅಷ್ಟೇ ಜಾಸ್ತಿ. ಇದನ್ನು ಆರ್‌ಐಎಎ ಕರ್ವ್ ಎನ್ನುತ್ತಾರೆ. ಪ್ರಿಆಂಪ್ ಇದನ್ನೇ ತಿರುಗುಮುರುಗು ಮಾಡ್ತದೆ. ಆಂಪ್ಲಿಫೈಯರಿನ ಬೇಸ್ ಗುಂಡಿ ತಿರುಗಿಸಿ ಸರಿಮಾಡ್ಲಿಕ್ಕೆ ಆಗುವುದಿಲ್ಲ.

ಕೊಳ್ಳುವಾಗ ‘ಎಂಎಂ’ (ಮೂವಿಂಗ್ ಮ್ಯಾಗ್ನೆಟ್) ಎಂದು ಬರೆದದ್ದನ್ನೇ ತೆಗೆದುಕೊಳ್ಳಿ. ಇನ್‌ಪುಟ್ 47 ಕಿಲೊಓಮ್ ಇರಬೇಕು. ಪ್ರಿಆಂಪನ್ನು ಪ್ಲೇಯರಿನ ಹತ್ತಿರವೇ ಇಟ್ಟು, ಅಲ್ಲಿವರೆಗಿನ ಕೇಬಲ್ ಒಂದು ಮೀಟರಿನೊಳಗೆ ಮುಗಿಸಿ. ಕೇಬಲ್ ಉದ್ದ ಆದಷ್ಟೂ ಅದರ ಕೆಪಾಸಿಟೆನ್ಸ್ ಏರಿ ಟ್ರೆಬಲ್ಲಿನ ಹದ ಕೆಡ್ತದೆ. ಪ್ರಿಆಂಪಿನಿಂದ ಆಂಪ್ಲಿಫೈಯರಿಗೆ ಹೋಗುವ ಕೇಬಲ್ ಉದ್ದ ಇದ್ದರೆ ತೊಂದರೆ ಇಲ್ಲ.

ಇನ್ನು ಹಮ್ಮಿಂಗ್. ಉರುಟು ಪ್ಲಗ್ಗಿನಲ್ಲಿ ಪಿನ್ನುಗಳ ಸಾಲು 1-4-2-5-3. ಪ್ಲೇಯರಿನಲ್ಲಿ ಎಡ ಚಾನೆಲ್ 3, ಬಲ 5, ನೆಲ (ಗ್ರೌಂಡ್) 2. ಇಂಥ ಪ್ಲೇಯರುಗಳಲ್ಲಿ ಅರ್ತಿಂಗಿಗೆ ಬೇರೆ ವಯರ್ ಹೆಚ್ಚಾಗಿ ಇರುವುದಿಲ್ಲ. ಟೋನ್ ಆರ್ಮಿನ ಲೋಹಕ್ಕೆ ಅಥವಾ ಒಳಗಿನ ತಗಡಿಗೆ ಒಂದು ತೆಳು ವಯರ್ ಮುಟ್ಟಿಸಿ, ಇನ್ನೊಂದು ತುದಿಯನ್ನು ಪ್ರಿಆಂಪಿನ ಅರ್ತ್ ಸ್ಕ್ರೂವಿಗೆ ಹಿಡಿದು ನೋಡಿ. ಗುಂಯ್ ತಗ್ಗಿದರೆ ಅಲ್ಲೇ ಖಾಯಂ ಮಾಡಿ. ಕರೆಂಟ್ ಹೋಗಿ ಇನ್ವರ್ಟರಿನಲ್ಲಿ ಓಡುವಾಗ ಮಾತ್ರ ಝರ್ ಎಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರಿನದ್ದು, ಅರ್ತಿಂಗಿನದ್ದಲ್ಲ.

ಮುಳ್ಳೇರಿಯ_78:
ಪ್ರಿಆಂಪ್ ತರುವ ಮೊದಲು ಕಾರ್ಟ್ರಿಜ್ ಯಾವುದೆಂದು ನೋಡಬೇಡವಾ ಮಾರಾಯ್ರೆ? ನಮ್ಮ ಕಡೆಯ ಎಷ್ಟೋ ಹಳೆ ಪ್ಲೇಯರಿನಲ್ಲಿ ಇರುವುದು ಸೆರಾಮಿಕ್ ಅಥವಾ ಕ್ರಿಸ್ಟಲ್.

ಸೂಜಿ ಬಿಚ್ಚಿಟ್ಟು, ಪ್ಲಗ್ ಎಲ್ಲಿಗೂ ಹಾಕದೆ, ಮಲ್ಟಿಮೀಟರನ್ನು ಓಮಿನಲ್ಲಿಟ್ಟು ಪಿನ್ 3 ಮತ್ತು 2ರ ನಡುವೆ ಹಿಡಿಯಿರಿ. ಕೆಲವು ನೂರು ಓಮಿನಿಂದ ಒಂದೂವರೆ ಕಿಲೊಓಮಿನೊಳಗೆ ಬಂದರೆ ಮ್ಯಾಗ್ನೆಟಿಕ್. ಮೀಟರ್ ಅಲುಗದಿದ್ದರೆ ಸೆರಾಮಿಕ್ ಇರಬಹುದು, ಇಲ್ಲವೆ ವಯರ್ ತುಂಡಾಗಿರಬಹುದು. 5 ಮತ್ತು 2ರ ನಡುವೆಯೂ ನೋಡಿ.

ಸೆರಾಮಿಕ್ ಆದರೆ ಅದು ಕೊಡುವುದೇ ನೂರಾರು ಮಿಲಿವೋಲ್ಟ್. ಫೋನೊ ಪ್ರಿಆಂಪಿಗೆ ಕೊಟ್ಟರೆ ಸ್ವರ ಒಡೀತದೆ. ಅದಕ್ಕೆ ಬೇಕಾದದ್ದು 1 ಮೆಗಾಓಮ್ ಅಥವಾ ಹೆಚ್ಚಿನ ಇನ್‌ಪುಟ್. ಆಕ್ಸಿನ ಹತ್ತಾರು ಕಿಲೊಓಮಿಗೆ ಕೊಟ್ಟರೆ ಬೇಸ್ ಸೋರಿಹೋಗ್ತದೆ. ನಡುವೆ ಒಂದು ಎಫ್‌ಇಟಿ ಬಫರ್ (ಅಷ್ಟು ಹೆಚ್ಚಿನ ಇನ್‌ಪುಟ್ ಕೊಡುವ ಸಣ್ಣ ಟ್ರಾನ್ಸಿಸ್ಟರ್ ಸರ್ಕ್ಯೂಟ್) ಹಾಕಿದರೆ ಆಯಿತು. ಕ್ರಿಸ್ಟಲ್ ಆಗಿದ್ದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಅದರೊಳಗಿನ ರೋಶೆಲ್ ಸಾಲ್ಟ್ ತೇವಕ್ಕೆ ಕರಗುವ ವಸ್ತು, ಕರಾವಳಿಯ ಮಳೆಗಾಲಕ್ಕೆ ಆಗಿಬರುವುದಲ್ಲ.

78ರ ತಟ್ಟೆ (ನಿಮಿಷಕ್ಕೆ 78 ಸುತ್ತಿನ ಹಳೆ ರೆಕಾರ್ಡ್) ಇದ್ದರೆ ಅದಕ್ಕೆ ಬೇರೆ ಸೂಜಿ ಬೇಕು, ತುದಿ ಸುಮಾರು 75 ಮೈಕ್ರಾನ್. ಎಲ್‌ಪಿಯ ಸೂಜಿ 18ರ ಆಸುಪಾಸು, 78ರ ಗೆರೆಯಲ್ಲಿ ತಳ ಕೆರೆದುಕೊಂಡು ಹೋಗ್ತದೆ, ಬರೀ ಸರಸರ ಶಬ್ದ. 78ರ ಸೂಜಿಯನ್ನು ಎಲ್‌ಪಿಗೆ ಇಟ್ಟಿರೋ, ಎಲ್‌ಪಿಯೇ ಹೋಯಿತು.

ಚೆಂಡೆಪೆಟ್ಟು:
ಟೂ-ಇನ್-ವನ್ನಿನ ಸಂಗತಿ ನಾನು ಹೇಳ್ತೇನೆ. ಮೊದಲು ಹಿಂದುಗಡೆ ವೋಲ್ಟೇಜ್ ಸ್ವಿಚ್ ಉಂಟಾ ನೋಡಿ. ಸೌದಿಯಲ್ಲಿ 127 ವೋಲ್ಟ್ ಇತ್ತು, ಆ ಸ್ಥಾನದಲ್ಲೇ ಬಿಟ್ಟು ಇಲ್ಲಿಯ 230ಕ್ಕೆ ಚುಚ್ಚಿದರೆ ಟ್ರಾನ್ಸ್‌ಫಾರ್ಮರ್ ಹೊಗೆ ಬಿಡ್ತದೆ. ಅಲ್ಲಿ 60 ಹರ್ಟ್ಸ್ ಆದರೂ ಕ್ಯಾಸೆಟಿನ ವೇಗಕ್ಕೆ ಏನೂ ಆಗುವುದಿಲ್ಲ, ಮೋಟರ್ ಡಿಸಿ. ಸ್ವರ ಎಳೆದ ಹಾಗೆ ಆದರೆ ಬೆಲ್ಟ್ ನೋಡಿ. ಡಾಂಬರಿನ ಹಾಗೆ ಕರಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಪುಲ್ಲಿ ಪೂರ್ತಿ ಒರೆಸಿಯೇ ಹೊಸದು ಹಾಕಬೇಕು.

ಒಂದೇ ಕಡೆ ಕೇಳುವುದಕ್ಕೆ ಕಾರಣ ಎರಡು. ಸೆಟ್ಟಿನಲ್ಲಿ ಇರುವುದು ಒಂದೇ ಸ್ಪೀಕರ್ ಆದರೆ ಇಯರ್‌ಫೋನಿನ ತೂತೂ ಮೊನೊ. ಸ್ಟೀರಿಯೊ ಪ್ಲಗ್ ಹಾಕಿದಾಗ ಬಲದ ಉಂಗುರಕ್ಕೆ ಸಿಗ್ನಲ್ ಸಿಗುವುದಿಲ್ಲ. ಮೊನೊ ಪ್ಲಗ್ಗಿನಿಂದ ಎರಡು ಆರ್‌ಸಿಎಗೆ ಕವಲೊಡೆಯುವ ಕೇಬಲ್ ತಗೊಳ್ಳಿ. ಎರಡು ಸ್ಪೀಕರ್ ಇದ್ದು ಎರಡೂ ಮಾತಾಡ್ತವೆ ಎಂದರೆ ತೂತು ಸ್ಟೀರಿಯೊ, ಒಳಗಿನ ಪತ್ತಿಗೆ ಕಿಲುಬು ಹಿಡಿದಿದೆ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಪ್ಲಗ್ಗನ್ನು ಹತ್ತಿಪ್ಪತ್ತು ಸಲ ಒಳಗೆ ಹೊರಗೆ ಮಾಡಿ. ಅಂಥದಕ್ಕೆ ಮೊನೊ ಪ್ಲಗ್ ತುರುಕಬೇಡಿ, ಬಲದ ಚಾನೆಲ್ ಶಾರ್ಟ್ ಆಗ್ತದೆ.

ವಾಲ್ಯೂಮನ್ನು ಮೂರರಲ್ಲಿ ಒಂದು ಭಾಗಕ್ಕೆ ಇಟ್ಟು ಶುರುಮಾಡಿ. ಅರ್ಥಗಾರಿಕೆಯ ಮಾತು ಕೇಳಿ ಹದ ಮಾಡಿದರೆ ಪೀಠಿಕೆ ಮುಗಿದು ಚೆಂಡೆ ಬಿದ್ದಾಗ ಸ್ವರ ಒಡೀತದೆ. ಚೆಂಡೆಯ ಜಾಗದಲ್ಲೇ ಹದ ಮಾಡಿ. ಮಾತು ಮುಸುಕಾಗಿ ಕೇಳಿದರೆ ಹೆಡ್ ಒರೆಸಿ. ಆಮೇಲೂ ಹಾಗೇ ಇದ್ದರೆ ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ಸ್ಕ್ರೂವನ್ನು, ಮೊದಲಿನ ಸ್ಥಾನಕ್ಕೆ ಗುರುತು ಹಾಕಿಕೊಂಡು, ಕಾಲು ಸುತ್ತಿನೊಳಗೆ ಆಚೀಚೆ ಮಾಡಿ. ತಾಳದ ಕಿಣಿ ಎಲ್ಲಿ ಸ್ಪಷ್ಟವಾಗ್ತದೋ ಅಲ್ಲಿ ನಿಲ್ಲಿಸಿ.

ನೀರ್ಚಾಲು_ನಾದ:
ಎರಡೂ ಕಡೆ 850 ಓಮ್ ಹತ್ತಿರ ತೋರಿಸ್ತದೆ, ಹಾಗಾದರೆ ಮ್ಯಾಗ್ನೆಟಿಕ್. ಸೆಟ್ಟಿಗೆ ಎರಡು ಸ್ಪೀಕರ್, ಎರಡೂ ಮಾತಾಡ್ತವೆ. ಇನ್ನೊಂದು: ಮಾಳಿಗೆಯ ಸೌಂಡ್‌ಬಾರಿಗೆ ಆಪ್ಟಿಕಲ್ (ಬೆಳಕಿನ ಕೇಬಲಿನ ಡಿಜಿಟಲ್) ಇನ್‌ಪುಟ್ ಮಾತ್ರ ಉಂಟು. ಅಂಗಡಿಯವರು ಡಿಎಸಿ ಕೊಡ್ತೇನೆ ಎನ್ನುತ್ತಾರೆ.

ಉಪ್ಪಳ_ಸರ್ಕ್ಯೂಟ್:
ಬೇಡ, ಅದು ಉಲ್ಟಾ ಕೆಲಸದ್ದು, ಡಿಜಿಟಲ್ಲಿನಿಂದ ಅನಲಾಗ್. ನಿಮಗೆ ಬೇಕಾದದ್ದು ಅನಲಾಗಿನಿಂದ ಡಿಜಿಟಲ್ ಮಾಡುವ ಎಡಿಸಿ: ಆರ್‌ಸಿಎ ಒಳಗೆ, ಆಪ್ಟಿಕಲ್ ಹೊರಗೆ. ಪ್ರಿಆಂಪ್ ಆದ ಮೇಲೆ ಅದನ್ನು ಹಾಕಿ. ಪೆಟ್ಟಿಗೆಯ ಮೇಲೆ ಬಾಣ ಯಾವ ಕಡೆಗೆ ಎಂದು ನೋಡಿಯೇ ಹಣ ಕೊಡಿ.